ಯಂತ್ರಗಳಿಂದ ಮಾಡಿದ ಕಲೆ: ನೋಡುವ ಬಗೆ

ಕಲೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಬೇಲೂರಿನ ಮದನಿಕೆ, ಇಲ್ಲವೆ ನಡುಮನೆಯ ಗೋಡೆಯಲ್ಲಿ ತೂಗುವ ರವಿವರ್ಮನ ಲಕ್ಷ್ಮಿ. ಅವುಗಳ ಮುಂದೆ ನಿಂತಾಗ ಏನು ನೋಡಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ದಿಲ್ಲಿಯ ಕಲಾ ಗ್ಯಾಲರಿಗಳಿಗೆ ಈಗ ಹೋದರೆ ಗೋಡೆಯ ತುಂಬ ಗಡಿಯಾರಗಳು, ಕತ್ತಲ ಕೋಣೆಯಲ್ಲಿ ಒಟ್ಟಿಗೆ ಓಡುವ ನಾಲ್ಕು ಟೆಲಿವಿಷನ್ನುಗಳು, ನೆಲದ ಮೇಲೆ ಒಡೆದ ಕಂಪ್ಯೂಟರುಗಳ ರಾಶಿ, ಇಂಥವು ಕಾಣುವುದುಂಟು. ವಾಚನಾಲಯಕ್ಕೆ ಬರುವ ಮಿತ್ರರು ಕೆಲವರು ಇವನ್ನು ನೋಡಿ ಬಂದು, "ಇದು ಕಲೆಯೋ ಗುಜರಿ ಅಂಗಡಿಯೋ, ನೀವೇ ಹೇಳಿ" ಎಂದು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನಗೆ ತಿಳಿದಮಟ್ಟಿಗೆ ಉತ್ತರ ಕೊಡುವುದು ಈ ಪಾಠದ ಉದ್ದೇಶ. ನಾನು ಕಲಾವಿಮರ್ಶಕನಲ್ಲ; ಗಿರಣಿಯಲ್ಲಿ ಲೆಕ್ಕ ಬರೆಯುವವನು. ಆದರೆ ಈ ಬಗೆಯ ಕಲೆಯನ್ನು ನೋಡುವುದಕ್ಕೆ ಗಿರಣಿಯಲ್ಲಿ ಇರುವುದೂ ಒಂದು ಅರ್ಹತೆಯೇ ಎಂಬುದು ಕ್ರಮೇಣ ನನಗೆ ಮನವರಿಕೆಯಾಗಿದೆ.

ಮೊದಲು ಎಲ್ಲರೂ ಬಲ್ಲ ಒಂದು ಜಾಗದಿಂದ ಹೊರಡೋಣ. ಸಂಸತ್ ಮಾರ್ಗದಲ್ಲಿರುವ ಜಂತರ್ ಮಂತರ್ ನಮಗೆ ಗೊತ್ತಿರುವುದು ಧರಣಿ, ಮೆರವಣಿಗೆಗಳ ಹೆಸರಿನಿಂದ. ಅದನ್ನು ಜಯಪುರದ ಸವಾಯಿ ಜಯಸಿಂಹ 1724ರಲ್ಲಿ ಕಟ್ಟಿಸಿದ್ದು ಖಗೋಳದ ಲೆಕ್ಕಕ್ಕಾಗಿ. ಅಲ್ಲಿರುವ ಸಾಮ್ರಾಟ ಯಂತ್ರ ಸುಮಾರು 70 ಅಡಿ ಎತ್ತರದ ಒಂದು ನೆರಳು ಗಡಿಯಾರ. ಅದರ ಇಳಿಜಾರಿನ ಗೋಡೆಗೆ ಕೊಟ್ಟಿರುವ ಓರೆ ಮನಸ್ಸಿಗೆ ಬಂದಂತೆ ಕೊಟ್ಟದ್ದಲ್ಲ. ದಿಲ್ಲಿಯ ಅಕ್ಷಾಂಶ ಎಷ್ಟೋ ಅಷ್ಟೇ ಓರೆ, ಅಂದರೆ ಇಪ್ಪತ್ತೆಂಟೂವರೆ ಅಂಶಕ್ಕೆ ಸ್ವಲ್ಪ ಹೆಚ್ಚು. ಹಾಗಿದ್ದರೆ ಮಾತ್ರ ಗೋಡೆಯ ಅಂಚು ಭೂಮಿಯ ಅಚ್ಚಿಗೆ ಸಮನಾಂತರವಾಗಿ ನಿಂತು, ನೆರಳು ಗಂಟೆಗೆ ಗಂಟೆ ಸಮನಾಗಿ ಸರಿಯುತ್ತದೆ. ಈಗ ಅದರಿಂದ ಯಾರೂ ಹೊತ್ತು ನೋಡುವುದಿಲ್ಲ. ಸುತ್ತ ಎದ್ದ ಕಟ್ಟಡಗಳ ನೆರಳು ಅದರ ಮೇಲೆ ಬೀಳುತ್ತದೆ. ಆದರೂ ಜನ ಹೋಗಿ ನಿಂತು ನೋಡುತ್ತಾರೆ, ಅದರ ಕೆಂಪು ರೂಪಕ್ಕೆ ಬೆರಗಾಗುತ್ತಾರೆ. ಕೆಲಸದಿಂದ ಬಿಡುಗಡೆಯಾದ ಯಂತ್ರ ನೋಟದ ವಸ್ತುವಾಯಿತು. ಈಗಿನ ಕಲಾವಿದರು ಇದನ್ನೇ ಬೇಕೆಂದು ಮಾಡುತ್ತಾರೆ. ಇನ್ನೂ ಕೆಲಸ ಮಾಡುತ್ತಿರುವ ಯಂತ್ರವನ್ನೇ ತಂದು, ಅದರ ಡ್ಯೂಟಿ ಬದಲಿಸಿ, ನಮ್ಮ ಮುಂದೆ ಇಡುತ್ತಾರೆ.

ಆದುದರಿಂದ ಇಂಥ ಪ್ರದರ್ಶನದಲ್ಲಿ ನಿಂತಾಗ ನಾನು ನನಗೇ ಕೇಳಿಕೊಳ್ಳುವುದು ಇಷ್ಟು: ಇದು ಯಾವ ಸಾಮಾನು? ಹೊರಗಿನ ಲೋಕದಲ್ಲಿ ಇದರ ಕೆಲಸವೇನು? ಇಲ್ಲಿ ಇದು ಏನು ಮಾಡುತ್ತಿದೆ? ಎರಡನೆಯ ಪ್ರಶ್ನೆಗೂ ಮೂರನೆಯದಕ್ಕೂ ನಡುವೆ ಎಷ್ಟು ದೂರವಿದೆಯೋ ಅಲ್ಲೇ ಕೃತಿಯ ಸ್ವಾರಸ್ಯವಿರುತ್ತದೆ. ದೂರವೇ ಇಲ್ಲದಿದ್ದರೆ ಮುಂದಿನ ಕೋಣೆಗೆ ಹೋಗಬಹುದು.

ಈ ಮಾತಿಗೆ ನಿದರ್ಶನವಾಗಿ ಒಂದು ಕೃತಿಯನ್ನು ವಿವರವಾಗಿ ನೋಡೋಣ. ಅದು ನಡೆದದ್ದು ದಕ್ಷಿಣ ದಿಲ್ಲಿಯ ಖಿರ್ಕಿ ಎಕ್ಸ್‌ಟೆನ್ಷನ್ನಿನಲ್ಲಿ. ಖಿರ್ಕಿ ಎಂದರೆ ಹಿಂದಿಯಲ್ಲಿ ಕಿಟಕಿ. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನ ಕಾಲದಲ್ಲಿ ಕಟ್ಟಿದ, ಕಲ್ಲಿನ ಜಾಲರಿ ಕಿಟಕಿಗಳ ಮಸೀದಿಯಿಂದ ಆ ಹಳ್ಳಿಗೆ ಆ ಹೆಸರು ಬಂತು. ಹಳ್ಳಿಯ ಸುತ್ತ ಬೆಳೆದ ಎಕ್ಸ್‌ಟೆನ್ಷನ್ ಇಕ್ಕಟ್ಟಾದ ಗಲ್ಲಿಗಳ, ಬಾಡಿಗೆ ಕೋಣೆಗಳ, ಹೊರ ರಾಜ್ಯಗಳಿಂದ ಬಂದವರ ಬಡಾವಣೆ. ನಮ್ಮಲ್ಲಿ ಹಲವರು ದಿಲ್ಲಿಗೆ ಬಂದ ಹೊಸತರಲ್ಲಿ ಇದ್ದಂಥದೇ ಜಾಗ. ಇಂಥ ಗಲ್ಲಿಯೊಂದರಲ್ಲಿ 'ಖೋಜ್' ಎಂಬ ಕಲಾವಿದರ ಸಂಸ್ಥೆ ಇದೆ. ಖೋಜ್ ಎಂದರೆ ಹುಡುಕಾಟ. ಅದು ಹುಟ್ಟಿದ್ದು 1997ರಲ್ಲಿ, ಗಾಜಿಯಾಬಾದಿನ ಆಚೆಯ ಮೋದಿನಗರದಲ್ಲಿ ನಡೆದ ಒಂದು ಕಲಾಶಿಬಿರದಿಂದ. ಮೋದಿನಗರ ಗಿರಣಿಗಳಿಂದಲೇ ಹುಟ್ಟಿದ ಊರು ಎಂಬುದನ್ನು ಗಿರಣಿಯವನಾದ ನಾನು ಹೇಳದೆ ಬಿಡಲಾರೆ. ಸುಬೋಧ್ ಗುಪ್ತಾ, ಭಾರತಿ ಖೇರ್, ಅನಿತಾ ದುಬೆ, ಪೂಜಾ ಸೂದ್ ಮೊದಲಾದವರು ಅದನ್ನು ಆರಂಭಿಸಿದವರು.

2006ರಲ್ಲಿ ಮುಂಬಯಿಯ ಶೈನಾ ಆನಂದ್ ಅವರು ಖೋಜ್‌ನಲ್ಲಿ ಉಳಿದು 'ಖಿರ್ಕೀಯಾನ್' ಎಂಬ ಕೃತಿಯನ್ನು ಮಾಡಿದರು. ಅದಕ್ಕೆ ಅವರು ಬಳಸಿದ ಸಾಮಾನು ಯಾವುದು ನೋಡಿ: ಸಿಸಿಟಿವಿ ಕ್ಯಾಮೆರಾ, ಕೇಬಲ್ ಟಿವಿಯವರು ಎಳೆಯುವ ತಂತಿ, ಮೈಕು, ಸಾಧಾರಣ ಟೆಲಿವಿಷನ್ ಪೆಟ್ಟಿಗೆ. ಎಲ್ಲವೂ ಪೇಟೆಯಲ್ಲಿ ಅಗ್ಗಕ್ಕೆ ಸಿಗುವಂಥವು.

ಸಿಸಿಟಿವಿ ಎಂಬುದರಲ್ಲಿ ಮೊದಲನೆಯ 'ಸಿ' ಎಂದರೆ ಮುಚ್ಚಿದ್ದು ಎಂದರ್ಥ. ಬಾನುಲಿ ಅಥವಾ ದೂರದರ್ಶನದ ಅಲೆಗಳನ್ನು ಯಾರು ಬೇಕಾದರೂ ಹಿಡಿದುಕೊಳ್ಳಬಹುದು. ಸಿಸಿಟಿವಿಯದು ಹಾಗಲ್ಲ. ಗೇಟಿನ ಮೇಲೆ ಕೂತ ಕ್ಯಾಮೆರಾದಿಂದ ಹೊರಟ ಚಿತ್ರ ತಂತಿಯಲ್ಲಿ ಹರಿದು ಒಂದು ಕೋಣೆಗೆ ಹೋಗುತ್ತದೆ. ಆ ಕೋಣೆಯಲ್ಲಿ ಕೂತವನು ಮಾತ್ರ ನೋಡುತ್ತಾನೆ. ಕ್ಯಾಮೆರಾದ ಕೆಳಗೆ ನಿಂತವನಿಗೆ ಏನೂ ಕಾಣುವುದಿಲ್ಲ. ನಾಲ್ಕು ಕ್ಯಾಮೆರಾಗಳಿದ್ದರೆ ನಡುವೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದು ನಾಲ್ಕು ಚಿತ್ರಗಳನ್ನು ಒಂದೇ ಪರದೆಯ ನಾಲ್ಕು ಮೂಲೆಗಳಲ್ಲಿ ಕೂರಿಸುತ್ತದೆ. ಕಾವಲುಗಾರನ ಕೋಣೆಯಲ್ಲಿ ನೀವೆಲ್ಲ ಅಂಥ ನಾಲ್ಕು ಚೌಕದ ಪರದೆಯನ್ನು ನೋಡಿದ್ದೀರಿ.

ಶೈನಾ ಆನಂದ್ ಮಾಡಿದ್ದು ಇಷ್ಟೆ: ಕಾವಲುಗಾರನ ಕೋಣೆಯನ್ನು ತೆಗೆದುಹಾಕಿದರು. ಖಿರ್ಕಿಯ ಗಲ್ಲಿಗಳಲ್ಲಿ ಹತ್ತಿರ ಹತ್ತಿರದ ನಾಲ್ಕು ಕಡೆ ಕ್ಯಾಮೆರಾ, ಮೈಕು, ಟಿವಿ ಮೂರನ್ನೂ ಒಟ್ಟಿಗೆ ಇಟ್ಟರು. ನಾಲ್ಕೂ ಕಡೆಯ ಚಿತ್ರ ಆ ಪುಟ್ಟ ಪೆಟ್ಟಿಗೆಗೆ ಬಂದು, ಒಂದಾಗಿ, ಮತ್ತೆ ನಾಲ್ಕೂ ಟಿವಿಗಳಿಗೆ ಹಿಂದಿರುಗುವಂತೆ ತಂತಿ ಎಳೆದರು. ಟಿವಿಯ ಮುಂದೆ ಕೂತವರಿಗೆ ಒಂದು ಚೌಕದಲ್ಲಿ ತಮ್ಮದೇ ಮುಖ, ಉಳಿದ ಮೂರರಲ್ಲಿ ಬೇರೆ ಮೂರು ಕಡೆಯವರ ಮುಖ. ಮಾತೂ ಕೇಳಿಸುತ್ತದೆ. ಜನ ಮಾತಿಗೆ ತೊಡಗಿದರು. ಒಂದೇ ಬಡಾವಣೆಯಲ್ಲಿದ್ದೂ ಎಂದೂ ಮಾತನಾಡದವರು, ಬೇರೆ ಬೇರೆ ಸೀಮೆಗಳಿಂದ ಬಂದವರು, ಪರದೆಯ ಮೂಲಕ ಒಬ್ಬರನ್ನೊಬ್ಬರು ವಿಚಾರಿಸಿಕೊಂಡರು. ನಿರ್ದೇಶಕರಿಲ್ಲ, ಬರೆದುಕೊಟ್ಟ ಮಾತಿಲ್ಲ. ಯಾರು ಕ್ಯಾಮೆರಾದ ಮುಂದಿದ್ದರೋ ಅವರೇ ನೋಡುವವರೂ ಆಗಿದ್ದರು.

ಇವತ್ತು ಮೊಬೈಲಿನಲ್ಲಿ ಊರಿನ ತಾಯಿಯ ಮುಖ ನೋಡಿ ಮಾತಾಡುವ ನಮಗೆ ಇದರಲ್ಲಿ ಹೊಸತೇನು ಎನಿಸಬಹುದು. 2006ರಲ್ಲಿ ನಮ್ಮ ಕೈಯಲ್ಲಿ ಅದು ಇರಲಿಲ್ಲ ಎಂಬುದು ನೆನಪಿರಲಿ. ಆದರೆ ವಿಷಯ ಹೊಸತನದ್ದಲ್ಲ. ಕಾವಲಿನ ಯಂತ್ರಕ್ಕೆ ಒಂದೇ ದಿಕ್ಕು ಎಂದು ನಾವು ತಿಳಿದಿದ್ದೆವು. ಅದು ಯಂತ್ರದ ಗುಣವಲ್ಲ, ತಂತಿ ಎಳೆದವರ ಇಷ್ಟ ಎಂದು ಆ ಕೃತಿ ತೋರಿಸಿಕೊಟ್ಟಿತು. ಅದೇ ಕ್ಯಾಮೆರಾ, ಅದೇ ತಂತಿ, ಅದೇ ಪೆಟ್ಟಿಗೆ. ಒಂದು ತುದಿಯನ್ನು ಬೇರೆ ಕಡೆ ಸಿಕ್ಕಿಸಿದ್ದರಿಂದ ನೋಡಲ್ಪಡುತ್ತಿದ್ದವನು ನೋಡುವವನಾದ. 2019ರಿಂದ ದಿಲ್ಲಿ ಸರ್ಕಾರ ನಗರದ ಗಲ್ಲಿಗಳಲ್ಲಿ ಲಕ್ಷಕ್ಕೂ ಮಿಕ್ಕಿ ಕ್ಯಾಮೆರಾಗಳನ್ನು ಹಾಕಿಸಿದೆ. ಗೇಟು, ಗೋದಾಮು, ಊಟದ ಕೋಣೆ, ಎಲ್ಲಿ ನೋಡಿದರೂ ಅದರ ಕಪ್ಪು ಕಣ್ಣು. ಕಳ್ಳತನ ಕಡಿಮೆಯಾದರೆ ಸಂತೋಷವೇ. ಆದರೂ ಹಾಜರಿ ಯಂತ್ರಕ್ಕೆ ಬೆರಳೊತ್ತಿ ಕ್ಯಾಮೆರಾದ ಕೆಳಗೆ ನಡೆದುಹೋಗುವಾಗ ನನಗೆ ಖಿರ್ಕಿಯ ಆ ನಾಲ್ಕು ಚೌಕಗಳು ನೆನಪಿಗೆ ಬರುವುದುಂಟು.

ಇನ್ನು ವಿಜ್ಞಾನಕ್ಕೆ ಬರೋಣ. ದಿಲ್ಲಿಯವರೇ ಆದ ರೋಹಿಣಿ ದೇವಾಶರ್ ಅವರು ಮುದ್ರಣಕಲೆ ಕಲಿತವರು, ಜೊತೆಗೆ ಹವ್ಯಾಸಿ ಖಗೋಳ ವೀಕ್ಷಕಿ. ಅವರ ಆರಂಭದ ಕೃತಿಗಳಲ್ಲಿ ಒಂದು ಉಪಾಯವಿದೆ. ಅದನ್ನು ತಿಳಿಯಲು ಪದವಿ ಬೇಡ. ಕ್ಷೌರದ ಅಂಗಡಿಯಲ್ಲಿ ಮುಂದೊಂದು ಹಿಂದೊಂದು ಕನ್ನಡಿ ಇದ್ದರೆ ನಿಮ್ಮ ತಲೆ ಒಂದರ ಹಿಂದೊಂದು ಸಾಲಾಗಿ ಕಾಣುತ್ತದಲ್ಲ, ಅದೇ ಬಗೆ. ಕ್ಯಾಮೆರಾವನ್ನು ಟಿವಿಗೆ ಜೋಡಿಸಿ, ಆ ಕ್ಯಾಮೆರಾವನ್ನು ಅದೇ ಟಿವಿಯ ಕಡೆಗೆ ತಿರುಗಿಸಿದರೆ ಟಿವಿಯೊಳಗೆ ಟಿವಿ, ಅದರೊಳಗೆ ಮತ್ತೊಂದು ಟಿವಿ ಮೂಡುತ್ತ ಹೋಗುತ್ತದೆ. ಕನ್ನಡಿಗೂ ಇದಕ್ಕೂ ಒಂದು ವ್ಯತ್ಯಾಸ. ಇಲ್ಲಿ ಪ್ರತಿ ಸುತ್ತಿಗೂ ಕಣ್ಣಿಗೆ ತಿಳಿಯದಷ್ಟು ತಡವಾಗುತ್ತದೆ, ಬೆಳಕು ಸ್ವಲ್ಪ ಏರುತ್ತದೆ ಅಥವಾ ಇಳಿಯುತ್ತದೆ. ಆ ಚಿಕ್ಕ ವ್ಯತ್ಯಾಸ ಸುತ್ತಿ ಸುತ್ತಿ ದೊಡ್ಡದಾಗುತ್ತದೆ. ರಾಜ್ಯೋತ್ಸವದ ದಿನ ಮೈಕನ್ನು ಲೌಡ್‌ಸ್ಪೀಕರಿನ ಹತ್ತಿರ ಹಿಡಿದರೆ ಕುಂಯ್ ಎಂದು ಕೂಗಿ ಅಧ್ಯಕ್ಷರ ಭಾಷಣ ಕೆಡಿಸುತ್ತದಲ್ಲ, ಅದು ಶಬ್ದದಲ್ಲಿ ಆಗುವ ಇದೇ ಕ್ರಿಯೆ. ಚಿತ್ರದಲ್ಲಾದರೆ ಕೂಗಿನ ಬದಲು ಆಕಾರಗಳು ಹುಟ್ಟುತ್ತವೆ: ಸುರುಳಿಗಳು, ಕವಲುಗಳು, ಹೂವಿನಂಥ, ಸಮುದ್ರದ ಪ್ರಾಣಿಯಂಥ ರೂಪಗಳು. ಯಾರೂ ಬರೆದದ್ದಲ್ಲ, ಕಂಪ್ಯೂಟರಿಗೆ ಆಜ್ಞೆ ಕೊಟ್ಟು ಬರೆಸಿದ್ದೂ ಅಲ್ಲ.

ದೇವಾಶರ್ ಅವರು ಇಂಥ ಆಕಾರಗಳನ್ನು ಗಂಟೆಗಟ್ಟಲೆ ಹಿಡಿದಿಟ್ಟು, ಆರಿಸಿ, ಒಂದರ ಮೇಲೊಂದು ಜೋಡಿಸಿ, 2009ರಲ್ಲಿ ಒಂದು ವಂಶವೃಕ್ಷವನ್ನೇ ಮಾಡಿದರು. ನಮ್ಮ ಮನೆಗಳಲ್ಲಿ ತಾತ ಮುತ್ತಾತಂದಿರ ಹೆಸರು ಬರೆದಿಡುವ ಹಾಗೆ, ಹುಟ್ಟದೇ ಇರುವ ಜೀವಿಗಳ ವಂಶವೃಕ್ಷ. ನೋಡಿದವರಿಗೆ ಇದು ಬೀಜವೋ ಹುಳುವೋ ಎಂಬ ಅನುಮಾನ. ನಿರ್ಜೀವ ತಂತಿಯಲ್ಲಿ ಒಂದೇ ಕ್ರಿಯೆ ಮತ್ತೆ ಮತ್ತೆ ನಡೆದರೆ ಜೀವದ ಹೋಲಿಕೆ ಏಕೆ ಬರುತ್ತದೆ? ಇದು ವಿಜ್ಞಾನಿಗಳೂ ಕೇಳುವ ಪ್ರಶ್ನೆ. ನೀವು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಮೊಬೈಲಿನ ಪರದೆಯನ್ನು ಟಿವಿಯಲ್ಲಿ ಮೂಡಿಸುವ ಅನುಕೂಲ ಈಗ ಹಲವರ ಮನೆಯಲ್ಲಿದೆ. ಹಾಗೆ ಮೂಡಿಸಿ, ಮೊಬೈಲಿನ ಕ್ಯಾಮೆರಾ ತೆರೆದು ಟಿವಿಯ ಕಡೆಗೇ ಹಿಡಿಯಿರಿ, ದೀಪ ಆರಿಸಿ, ಮೊಬೈಲನ್ನು ನಿಧಾನವಾಗಿ ಓರೆ ಮಾಡಿ. ಮಕ್ಕಳಿದ್ದರೆ ಅವರ ಕೈಗೆ ಕೊಡಿ.

ಇದೇ ಕಲಾವಿದೆಯ ಇನ್ನೊಂದು ಕೃತಿ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದರ ಬೇರು ಬೆಂಗಳೂರಿಗೆ ಹೋಗುತ್ತದೆ. ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಆಡಳಿತದಲ್ಲಿ ಕೊಡೈಕನಾಲಿನ ಬೆಟ್ಟದ ಮೇಲೆ ಒಂದು ವೀಕ್ಷಣಾಲಯವಿದೆ. ಅದು ಕೆಲಸ ಆರಂಭಿಸಿದ್ದು 1899ರಲ್ಲಿ. 1904ರಿಂದ ಅಲ್ಲಿಯವರು ಮೋಡವಿಲ್ಲದ ದಿನಗಳಲ್ಲೆಲ್ಲ ಸೂರ್ಯನ ಫೋಟೋ ತೆಗೆದಿದ್ದಾರೆ. ಮೊದಲು ಗಾಜಿನ ಹಲಗೆಗಳ ಮೇಲೆ, ಆಮೇಲೆ ಫಿಲ್ಮಿನ ಮೇಲೆ, ಈಗ ಕಂಪ್ಯೂಟರಿನಲ್ಲಿ. ಸೂರ್ಯನ ಮೇಲಿನ ಕಲೆಗಳ ಜಾಗವನ್ನು ಕಾಗದದ ಮೇಲೆ ಕೈಯಿಂದಲೂ ಗುರುತಿಸಿಟ್ಟಿದ್ದಾರೆ. ಈ ಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಾಗಿ ಮತ್ತೆ ಕಡಿಮೆಯಾಗುತ್ತವೆ. ಅಂದಮೇಲೆ ಒಬ್ಬ ನೌಕರ ಸೇವೆಗೆ ಸೇರಿ ನಿವೃತ್ತನಾಗುವುದರೊಳಗೆ ಮೂರು ಸುತ್ತು ಮುಗಿಯುವುದೇ ಕಷ್ಟ. ಒಬ್ಬನ ಆಯುಷ್ಯಕ್ಕೆ ಎಟುಕದ ಲೆಕ್ಕ. ಹಾಗಾಗಿ ಒಬ್ಬನ ನಂತರ ಒಬ್ಬ ಬರೆದುಕೊಂಡೇ ಹೋಗಬೇಕು. ಅಲ್ಲಿನ ಜಾನ್ ಎವರ್ಷೆಡ್ ಎಂಬ ವಿಜ್ಞಾನಿ 1909ರಲ್ಲಿ ಸೂರ್ಯಕಲೆಗಳಿಂದ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಅವರ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ದಿನವೂ ಬೆಳಿಗ್ಗೆ ಗಾಜಿನ ಹಲಗೆಯನ್ನು ಯಂತ್ರದಲ್ಲಿ ಸಿಕ್ಕಿಸಿ ತಾರೀಖು ಬರೆದವರ ಹೆಸರು ಉಳಿದಿಲ್ಲ. ಹಾಜರಿ ಪುಸ್ತಕ ಬರೆಯುವವನಾದ ನನಗೆ ಅದು ಸೂರ್ಯನದೇ ಹಾಜರಿ ಪುಸ್ತಕದಂತೆ ಕಾಣುತ್ತದೆ. ಹಾಜರಿದ್ದಾನೆ, ಹಾಜರಿದ್ದಾನೆ, ಇಂದು ಮೋಡ.

2023ರಲ್ಲಿ ದೇವಾಶರ್ ಅವರು ಈ ಭಂಡಾರವನ್ನು ಆಧರಿಸಿ, ಒಟ್ಟಿಗೆ ಓಡುವ ನಾಲ್ಕು ಪರದೆಗಳ ಒಂದು ಚಿತ್ರ ಮಾಡಿದರು. ಅದರ ಹೆಸರಿನ ಅರ್ಥ 'ಒಂದು ಲಕ್ಷ ಸೂರ್ಯರು'. ವಿಜ್ಞಾನಿಗೆ ಆ ಫೋಟೋಗಳಲ್ಲಿ ಬೇಕಾದದ್ದು ಕಲೆಗಳ ಸಂಖ್ಯೆ, ಜಾಗ, ಅಳತೆ. ಗಾಜಿನ ಮೇಲಿನ ಗೀರು, ಕೈಬರಹ, ಅಂಚಿನ ಮಸಿ ಇವು ಅವರಿಗೆ ತೊಡಕು. ಕಲಾವಿದೆ ಅವೆರಡನ್ನೂ ಒಟ್ಟಿಗೆ ನೋಡುತ್ತಾರೆ: ಆಕಾಶದ ಗುರುತೂ ಸೂರ್ಯನ ದಾಖಲೆ, ಮನುಷ್ಯನ ಕೈಯ ಗುರುತೂ ಅದೇ ದಾಖಲೆ. 2024ರಲ್ಲಿ ಜರ್ಮನಿಯ ಡಾಯ್ಚ ಬ್ಯಾಂಕ್ ಅವರನ್ನು ವರ್ಷದ ಕಲಾವಿದೆ ಎಂದು ಆರಿಸಿ ಬರ್ಲಿನ್ನಿನಲ್ಲಿ ಪ್ರದರ್ಶನ ಏರ್ಪಡಿಸಿತು. ನಮ್ಮ ದಕ್ಷಿಣದ ಬೆಟ್ಟವೊಂದರ ಮೇಲೆ ನೂರು ವರ್ಷ ಮೌನವಾಗಿ ನಡೆದ ಗುಮಾಸ್ತಿಕೆಗೆ ಹೀಗೂ ಒಂದು ಮರ್ಯಾದೆ ಸಂದಿತಲ್ಲ ಎಂದು ನನಗಂತೂ ಹೆಮ್ಮೆ.

ಸೂರ್ಯನ ಮಾತಿನ ಬೆನ್ನಿಗೆ ಗಡಿಯಾರದ ಮಾತು ಬರಲೇಬೇಕು. ದಿಲ್ಲಿಯಲ್ಲಿ 'ರಕ್ಸ್ ಮೀಡಿಯಾ ಕಲೆಕ್ಟಿವ್' ಎಂಬ ಮೂವರ ಕೂಟವಿದೆ: ಜೀಬೇಶ್ ಬಾಗ್ಚಿ, ಮೋನಿಕಾ ನರೂಲಾ, ಶುದ್ಧಬ್ರತ ಸೇನ್‌ಗುಪ್ತ. ಜಾಮಿಯಾ ಮಿಲ್ಲಿಯಾದಲ್ಲಿ ಒಟ್ಟಿಗೆ ಓದಿದವರು. 1992ರಿಂದ ಒಟ್ಟಿಗೆ ಕೆಲಸ ಮಾಡುತ್ತಿದ್ದಾರೆ. 2009ರಲ್ಲಿ ಅವರು ಮಾಡಿದ 'ಎಸ್ಕೇಪ್‌ಮೆಂಟ್' ಎಂಬ ಕೃತಿಯಲ್ಲಿ 27 ಗಡಿಯಾರಗಳಿವೆ. ಕೀಲಿ ಕೊಡುವ ಗಡಿಯಾರವನ್ನು ಬಿಚ್ಚಿದವರಿಗೆ ಗೊತ್ತು: ಸುತ್ತಿದ ಸ್ಪ್ರಿಂಗು ಒಮ್ಮೆಗೇ ಬಿಚ್ಚಿಕೊಳ್ಳದಂತೆ ಹಲ್ಲಿನ ಚಕ್ರವನ್ನು ಒಂದು ಕೊಕ್ಕೆ ತಡೆದು ತಡೆದು ಬಿಡುತ್ತದೆ. ಟಿಕ್ ಟಿಕ್ ಎನ್ನುವುದು ಆ ತಡೆಯ ಸದ್ದು. ಆ ಭಾಗದ ಹೆಸರೇ ಎಸ್ಕೇಪ್‌ಮೆಂಟ್. ತಪ್ಪಿಸಿಕೊಳ್ಳುವುದು ಎಂಬ ಅರ್ಥವೂ ಅದರಲ್ಲಿ ಅಡಗಿದೆ. ಈ ಗಡಿಯಾರಗಳಲ್ಲಿ ಒಂದೊಂದಕ್ಕೆ ಒಂದೊಂದು ಊರಿನ ಹೆಸರು. ಮುಳ್ಳುಗಳು ಎಂದಿನಂತೆ ಓಡುತ್ತವೆ, ಆದರೆ ಅಂಕಿಗಳ ಜಾಗದಲ್ಲಿ ಮಾತುಗಳು: ಕರ್ತವ್ಯ, ಆತಂಕ, ಆಯಾಸ, ಭಯ, ಹಳೆಯ ನೆನಪಿನ ಹಂಬಲ, ಹೀಗೆ ಹನ್ನೆರಡು. ಮೂರು ಗಡಿಯಾರಗಳು ಕಲ್ಪನೆಯ ಊರುಗಳವು. ಅವು ಹಿಂದಕ್ಕೆ ಓಡುತ್ತವೆ.

ರಾತ್ರಿ ಪಾಳಿ ಮಾಡಿದವರಿಗೆ ಈ ಗಡಿಯಾರದ ಅರ್ಥ ಬಿಡಿಸಿ ಹೇಳಬೇಕೆ? ನೋಯಿಡಾ, ಗುರುಗ್ರಾಮಗಳ ಕಾಲ್ ಸೆಂಟರುಗಳಲ್ಲಿ ನಮ್ಮ ಹುಡುಗರು ಅಮೆರಿಕದ ಹಗಲಿಗಾಗಿ ಇಲ್ಲಿಯ ರಾತ್ರಿಯನ್ನು ಕೊಡುತ್ತಿದ್ದಾರೆ. ಗೋಡೆಯ ಮೇಲೆ ನ್ಯೂಯಾರ್ಕಿನ ಹೊತ್ತು, ಲಂಡನ್ನಿನ ಹೊತ್ತು ತೋರಿಸುವ ಗಡಿಯಾರಗಳ ಸಾಲು ಅವರಿಗೆ ಪರಿಚಿತ. ರಕ್ಸ್ ಮಾಡಿದ್ದು ಆ ಸಾಲನ್ನು ಹಾಗೆಯೇ ಇಟ್ಟು ಅಂಕಿ ಮಾತ್ರ ಬದಲಿಸಿದ್ದು. ನನ್ನ ಮೊದಲಿನ ಮೂರು ಪ್ರಶ್ನೆಗಳಿಗೆ ಇಷ್ಟು ಸಲೀಸಾಗಿ ಉತ್ತರ ಕೊಡುವ ಕೃತಿ ಬೇರೆ ಸಿಕ್ಕಿಲ್ಲ.

ಗಡಿಯಾರದ ಹೊತ್ತು ದೇವರು ಕೊಟ್ಟದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಭಾರತಕ್ಕೆಲ್ಲ ಒಂದೇ ಕಾಲ ಎಂಬುದು ಬಂದದ್ದು 1906ರ ಜನವರಿ 1ರಿಂದ. ಅದಕ್ಕೆ ಮೊದಲು ಮುಂಬಯಿಗೆ ತನ್ನದೇ ಕಾಲವಿತ್ತು, ಈಗಿನದಕ್ಕಿಂತ 39 ನಿಮಿಷ ಹಿಂದೆ. ಹೊಸ ಕಾಲವನ್ನು ಅಲ್ಲಿಯ ಜನ ಸುಲಭವಾಗಿ ಒಪ್ಪಲಿಲ್ಲ. ನಗರದಲ್ಲಿ ಹಳೆಯ ಮುಂಬಯಿ ಕಾಲ 1955ರವರೆಗೂ ಒಂದಷ್ಟು ನಡೆಯಿತು. ಗಿರಣಿಯ ಸೈರನ್ನು 39 ನಿಮಿಷ ಮುಂಚೆ ಕೂಗಿದರೆ ಚಳಿಗಾಲದಲ್ಲಿ ಕತ್ತಲಲ್ಲೇ ಏಳಬೇಕಾದವನು ಯಾರು ಎಂದು ಯೋಚಿಸಿ.

ರಕ್ಸ್ ಅವರ ಇನ್ನೊಂದು ಕೃತಿಯನ್ನು ಗುಮಾಸ್ತ ಮಿತ್ರರು ನೋಡಲೇಬೇಕು. 1911ರಲ್ಲಿ ಕಲ್ಕತ್ತೆಯ ಸರ್ವೆ ಆಫ್ ಇಂಡಿಯಾ ಕಚೇರಿಯಲ್ಲಿ ತೆಗೆದ ಒಂದು ಫೋಟೋ. ದೊಡ್ಡ ಕೋಣೆ, ಸಾಲು ಮೇಜುಗಳು, ನಕಾಶೆಗಳ ಮೇಲೆ ಬಗ್ಗಿದ ತಲೆಗಳು. ನೂರು ವರ್ಷಗಳ ಬಳಿಕ, 2011ರಲ್ಲಿ, ಅದನ್ನು ತೆಗೆದುಕೊಂಡು ಕಂಪ್ಯೂಟರಿನಲ್ಲಿ ಬಹಳ ಸಣ್ಣ ಬದಲಾವಣೆಗಳನ್ನು ಮಾಡಿದ್ದಾರೆ. ನಿಂತ ಚಿತ್ರವೆಂದು ನೋಡುತ್ತಿದ್ದರೆ ಮೇಲಿನ ಫ್ಯಾನು ಮೆಲ್ಲಗೆ ತಿರುಗುತ್ತಿರುವುದು ಕಾಣುತ್ತದೆ. ಹೆಸರು, 'ರಿಕ್ಟರ್ ಮಾಪಕದಲ್ಲಿ ದಾಖಲಾಗದ ಒಂದು ಮಧ್ಯಾಹ್ನ'. ಭೂಕಂಪವನ್ನು ಅಳೆಯುವ ಮಾಪಕಕ್ಕೆ ಒಂದು ಕಚೇರಿಯ ಮಧ್ಯಾಹ್ನ ಏನು ಗೊತ್ತಾದೀತು! ಇವರದೇ ದೊಡ್ಡ ಪ್ರದರ್ಶನವೊಂದು 2014ರ ಕೊನೆಯಲ್ಲಿ ಇಂಡಿಯಾ ಗೇಟಿನ ಬಳಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ನಡೆಯಿತು. ಅದಕ್ಕೆ ಅವರು ಇಟ್ಟ ಹೆಸರು 'ಅಸಮಯಾವಲಿ'.

ನಮ್ಮ ಕಡೆಯವರು ಯಾರೂ ಇಲ್ಲವೆ ಎಂದು ಕೇಳುವಿರಿ. ಇದ್ದಾರೆ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಅವರು ರಸ್ತೆಗೆ ಹಾಕುವ ಡಾಂಬರಿನ ಡ್ರಮ್ಮುಗಳಿಂದ 2006ರಲ್ಲಿ ಒಂದು ಮನೆ ಕಟ್ಟಿದರು. ರಸ್ತೆ ಕೆಲಸದವರು ಡ್ರಮ್ಮನ್ನು ತಟ್ಟಿ ತಗಡು ಮಾಡಿ ಗುಡಿಸಲು ಹಾಕಿಕೊಳ್ಳುವುದನ್ನು ನಾವೆಲ್ಲ ಹೈದರಾಬಾದ್ ಕರ್ನಾಟಕದಿಂದ ಹಿಡಿದು ಹರಿಯಾಣದವರೆಗೆ ನೋಡಿದ್ದೇವೆ. ಅದೇ ತಗಡು, ಅದೇ ಡ್ರಮ್ಮು. ಹೊರಗಿನಿಂದ ನೋಡಿದರೆ ಕೋಟೆಯಂತೆ ಕಾಣುತ್ತದೆ; ಬಗ್ಗಿ ಒಳಗೆ ಹೊಕ್ಕರೆ ಮೇಲಿನ ತೂತುಗಳಿಂದ ಬರುವ ಬೆಳಕು ನಕ್ಷತ್ರಗಳಂತೆ ತೋರುತ್ತದೆ. ಬೆಂಗಳೂರಿನ ಕೃಷ್ಣರಾಜ್ ಚೋನಾಟ್ ಅವರು ಒಂದು ಕಡೆ ಒಡೆದ ಕಂಪ್ಯೂಟರು, ತಂತಿ, ಫಲಕಗಳನ್ನೂ ಎದುರು ಕಡೆ ಶ್ರೀಗಂಧದ ಸಾಬೂನುಗಳನ್ನೂ ಜೋಡಿಸಿದ ಕೃತಿ 2011ರಲ್ಲಿ ಪ್ಯಾರಿಸ್ಸಿನ ಪಾಂಪಿದೂ ಕೇಂದ್ರದಲ್ಲಿ ಪ್ರದರ್ಶನವಾಯಿತು. ಹೆಸರಿನ ಅರ್ಥ 'ನನ್ನ ಕೈಗೆ ನಿನ್ನ ವಾಸನೆ'. ಪ್ಯಾರಿಸ್ಸಿನವರಿಗೆ ಅದರಲ್ಲಿ ಏನು ಕಂಡಿತೋ. ಹಳೆಯ ಕಂಪ್ಯೂಟರುಗಳ ತಂತಿ ಸುಟ್ಟು ತಾಮ್ರ ತೆಗೆಯುವ, ಫಲಕವನ್ನು ಆಮ್ಲದಲ್ಲಿ ಅದ್ದುವ ಸೀಲಂಪುರ ಯಮುನೆಯ ಆಚೆ ದಡದಲ್ಲೇ ಇದೆ. ಆ ಕೆಲಸ ಮಾಡುವವನ ಕೈಯ ವಾಸನೆ ಯಾವ ಸಾಬೂನಿಗೂ ಹೋಗುವುದಿಲ್ಲ. ಈ ಕೃತಿಯ ಮುಂದೆ ಸೀಲಂಪುರದವನೊಬ್ಬ ನಿಂತರೆ ಪ್ಯಾರಿಸ್ಸಿನ ಪಂಡಿತರಿಗಿಂತ ಹೆಚ್ಚು ತಿಳಿಯುತ್ತಾನೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಎಲ್ಲವೂ ಹೀಗೆ ಚೆನ್ನಾಗಿರುತ್ತದೆ ಎಂದು ಭ್ರಮೆ ಬೇಡ. ಹತ್ತಿರ ಹೋದರೆ ದೀಪ ಹತ್ತುತ್ತದೆ, ದೂರ ಸರಿದರೆ ಆರುತ್ತದೆ. ಅದಕ್ಕೊಂದು ಉದ್ದನೆಯ ಹೆಸರು. ಮಾಲ್‌ನ ಕೈತೊಳೆಯುವ ನಲ್ಲಿಯೂ ಅದನ್ನೇ ಮಾಡುತ್ತದೆ, ನೀರನ್ನಾದರೂ ಕೊಡುತ್ತದೆ. ಗೋಡೆಗೆ ಅಂಟಿಸಿದ ವಿವರಣೆಯ ಇಂಗ್ಲಿಷು ಎಷ್ಟೋ ಸಲ ಇಂಗ್ಲಿಷ್ ಬಲ್ಲವರಿಗೂ ಅರ್ಥವಾಗದು. ಹಿಂದಿಯಲ್ಲಿ ಇರುವುದು ಕಡಿಮೆ. ಅದನ್ನು ಕೊನೆಗೆ ಓದಿ, ಅಥವಾ ಬಿಟ್ಟುಬಿಡಿ. ಇಂಥ ಕೃತಿಗೆ ತಂತಿ ಎಳೆದ ಎಲೆಕ್ಟ್ರಿಷಿಯನ್ನು, ಚೌಕಟ್ಟು ಕಟ್ಟಿದ ಬಡಗಿ ಇವರ ಹೆಸರು ಚೀಟಿಯಲ್ಲಿ ಅಪರೂಪಕ್ಕೆ ಕಾಣುತ್ತದೆ. ಸಿನಿಮಾದವರು ಈ ವಿಷಯದಲ್ಲಿ ಎಷ್ಟೋ ವಾಸಿ. ಇನ್ನು ಬಾಗಿಲ ಕಾವಲುಗಾರನ ನೋಟ. ಒಂದು ಗ್ಯಾಲರಿಯಲ್ಲಿ ನನ್ನ ಚೀಲವನ್ನು ಮೂರು ಸಲ ತೆಗೆಸಿ ನೋಡಿದರು. ಹಿಂದೆ ಬಂದವರನ್ನು ಹಾಗೆಯೇ ಬಿಟ್ಟರು. ಅದಕ್ಕೆ ಅಂಜಿ ಹಿಂದಿರುಗಬೇಡಿ. ಒಳಗಿರುವ ಸಾಮಾನುಗಳ ಪರಿಚಯ ಅವರಿಗಿಂತ ನಮಗೇ ಹೆಚ್ಚು.

ಹೋಗುವುದು ಎಲ್ಲಿಗೆ? ಹಳದಿ ಮಾರ್ಗದ ಮೆಟ್ರೋದಲ್ಲಿ ಮಾಳವೀಯ ನಗರದಲ್ಲಿ ಇಳಿಯಿರಿ. ಪ್ರೆಸ್ ಎನ್‌ಕ್ಲೇವ್ ರಸ್ತೆಯ ಒಂದು ಮಗ್ಗುಲಿಗೆ ಸಾಕೇತದ ಮಾಲ್‌ಗಳು, ಇನ್ನೊಂದು ಮಗ್ಗುಲಿಗೆ ಖಿರ್ಕಿಯ ಗಲ್ಲಿಗಳು. ಮಾಲ್‌ನೊಳಗೆ ಕಿರಣ್ ನಾಡಾರ್ ಕಲಾ ಸಂಗ್ರಹಾಲಯವಿದೆ. 2010ರಲ್ಲಿ ಆರಂಭವಾದ ಸಂಸ್ಥೆ ಅದು, ಪ್ರವೇಶಕ್ಕೆ ಹಣವಿಲ್ಲ, ಸೋಮವಾರ ರಜೆ. ರಸ್ತೆ ದಾಟಿದರೆ ಖೋಜ್. ಅಲ್ಲಿ ಸದಾ ಪ್ರದರ್ಶನವಿರುವುದಿಲ್ಲ. ಇದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡುವುದು ಮೇಲು. ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಟಿಕೆಟು ಉಂಟು. ಅದಕ್ಕೂ ಸೋಮವಾರ ರಜೆ. ಒಂದು ಸಲಕ್ಕೆ ಮೂರು ನಾಲ್ಕು ಕೃತಿ ನೋಡಿದರೆ ಸಾಕು, ಒಂದೊಂದಕ್ಕೂ ಹತ್ತು ನಿಮಿಷ ಕೊಡಿ. ಕತ್ತಲ ಕೋಣೆಯ ಚಲನಚಿತ್ರವಾದರೆ ಕುಳಿತು ಒಂದು ಸುತ್ತು ಪೂರ್ತಿ ನೋಡಿ. ಬಾಗಿಲಲ್ಲಿ ನಿಂತು ಇಣುಕಿ ಬರುವುದರಿಂದ ಏನೂ ಸಿಗದು.

ಜಂತರ್ ಮಂತರಿಗೆ ಹೋಗುವುದಾದರೆ ಡಿಸೆಂಬರ್ 25ರ ರಜೆಯ ದಿನ, ಮಂಜು ಕವಿಯದಿದ್ದರೆ, ಮಧ್ಯಾಹ್ನ ಹೋಗಿ. ಆ ದಿನ ದಿಲ್ಲಿಯಲ್ಲಿ ಸೂರ್ಯ ನೆತ್ತಿಯ ಸಾಲಿಗೆ ಬರುವುದು ಕೈಗಡಿಯಾರದ 12 ಗಂಟೆಗಲ್ಲ, 12 ಗಂಟೆ 21 ನಿಮಿಷಕ್ಕೆ. ನಮ್ಮ ಗಡಿಯಾರಗಳು ಅಲಹಾಬಾದಿನ ಹತ್ತಿರ ಹಾದುಹೋಗುವ ಎಂಬತ್ತೆರಡೂವರೆ ಅಂಶದ ರೇಖಾಂಶದ ಹೊತ್ತನ್ನು ತೋರಿಸುತ್ತವೆ. ದಿಲ್ಲಿ ಅದಕ್ಕಿಂತ ಐದು ಅಂಶಕ್ಕೂ ಹೆಚ್ಚು ಪಶ್ಚಿಮಕ್ಕಿದೆ, ಅಂಶಕ್ಕೆ ನಾಲ್ಕು ನಿಮಿಷ. ಬೆಂಗಳೂರು ಹೆಚ್ಚು ಕಡಿಮೆ ದಿಲ್ಲಿಯ ರೇಖಾಂಶದಲ್ಲೇ ಇದೆ. ಅಲ್ಲಿ ಅದೇ ಹೊತ್ತು ಬರುವುದು ಒಂದೂವರೆ ನಿಮಿಷ ಮುಂಚೆ. ಊರಿಗೆ ಫೋನು ಮಾಡಿ, ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ನೋಡಲು ಹೇಳಿ. ಅವರ ಕೋಲಿನ ನೆರಳು ಅತ್ಯಂತ ಗಿಡ್ಡವಾದ ಒಂದೂವರೆ ನಿಮಿಷಕ್ಕೆ ನಿಮ್ಮದೂ ಆಗುತ್ತದೆ.